ನಿಮ್ಮೂರಿನ ಹಳಿಯಲ್ಲಿ ಇನ್ನೊಂದು ರೈಲಿಗೆ ಜಾಗವಿದೆಯೇ? ನೀವೇ ಲೆಕ್ಕ ಹಾಕಿ

"ಹಳಿ ದಿನವಿಡೀ ಖಾಲಿ ಬಿದ್ದಿರುತ್ತಲ್ಲ ಸಾರ್, ಇನ್ನೊಂದು ರೈಲು ಬಿಡೋಕೆ ಇವರಿಗೇನು ಕಷ್ಟ?"

ಸ್ಟೇಷನ್ ಮಾಸ್ಟರ್ ಆಗಿದ್ದಾಗ ಈ ಪ್ರಶ್ನೆಯನ್ನು ಪ್ಲಾಟ್‌ಫಾರ್ಮಿನಲ್ಲಿ ಕೇಳಿಸಿಕೊಂಡೆ, ಒಂದು ಮಾರ್ಗದ ರೈಲುಗಳ ಓಡಾಟವನ್ನೆಲ್ಲ ನಿಯಂತ್ರಿಸುವ ಸೆಕ್ಷನ್ ಕಂಟ್ರೋಲರ್ ಆದ ಮೇಲೆ ನೆಂಟರ ಮದುವೆಮನೆಗಳಲ್ಲಿ ಕೇಳಿಸಿಕೊಂಡೆ. ನಿವೃತ್ತನಾಗಿ ಅರಸೀಕೆರೆಯಲ್ಲಿ ಮನೆ ಮಾಡಿಕೊಂಡ ಮೇಲೆ ರೈಲು ಹೋರಾಟ ಸಮಿತಿಯ ಹುಡುಗರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನವಿಯಲ್ಲಿ ಇದನ್ನೇ ಬರೆದುಕೊಟ್ಟರೆ "ಲೈನ್ ಕೆಪಾಸಿಟಿ ಇಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಸಾಲು ನಿಜವೋ ಸುಳ್ಳೋ ಎಂದು ಹೊರಗಿನವರು ಪರೀಕ್ಷಿಸಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಒಂದು ಹಳಿಯಲ್ಲಿ ಎಷ್ಟು ರೈಲು ಹಿಡಿಯುತ್ತವೆ ಎಂದು ಕಂಡುಕೊಳ್ಳುವುದು, ಆ ಹಳಿ ಮುಚ್ಚಿದ ದಿನ ನಿಮಗೆ ಎರಡನೇ ದಾರಿ ಇದೆಯೇ ಎಂದು ತೂಗುವುದು, ಎರಡನ್ನೂ ಇಲ್ಲಿ ಹೇಳಿಕೊಡುತ್ತೇನೆ. ನಮ್ಮಲ್ಲಿ ಹೋರಾಟಗಳೆಲ್ಲ ಮೊದಲನೆಯದರ ಹಿಂದೆಯೇ ಓಡುತ್ತವೆ. ಎರಡನೆಯದನ್ನು ಯಾರೂ ಲೆಕ್ಕ ಹಾಕುವುದಿಲ್ಲ ಎಂಬುದೇ ನನ್ನ ಚಿಂತೆ, ಇದನ್ನು ಬರೆಯಲು ಕೂತದ್ದೂ ಅದಕ್ಕೇ.

ಬೇಕಾಗುವ ಸಾಮಾನು: ಗ್ರಾಫ್ ಹಾಳೆ, ಸ್ಕೇಲು, ಮೂರು ಬಣ್ಣದ ಪೆನ್ಸಿಲ್, ನಿಮ್ಮ ಮಾರ್ಗದ ವೇಳಾಪಟ್ಟಿ, ರೈಲು ಎಲ್ಲಿದೆ ಎಂದು ತೋರಿಸುವ ಎನ್‌ಟಿಇಎಸ್ ಇರುವ ಮೊಬೈಲ್.

ಮೊದಲು ಕ್ರಾಸಿಂಗ್ ಸ್ಟೇಷನ್‌ಗಳ ಪಟ್ಟಿ

ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಬರುವ ರೈಲುಗಳು ಸ್ಟೇಷನ್ನಿನಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಎರಡು ಕ್ರಾಸಿಂಗ್ ಸ್ಟೇಷನ್‌ಗಳ ನಡುವಿನ ತುಂಡಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಸಾಮಾನ್ಯವಾಗಿ ಆ ತುಂಡಿನೊಳಗೆ ಒಂದು ಸಲಕ್ಕೆ ಒಂದೇ ರೈಲು. ಮಲೆನಾಡಿನ ಕಾಲುಸಂಕ ನೆನಪಿಸಿಕೊಳ್ಳಿ: ಒಬ್ಬರು ಆಚೆ ದಡ ಮುಟ್ಟುವ ತನಕ ಈಚೆಯವರು ಕಾಯಬೇಕು. ಈ ಸ್ಟೇಷನ್ನಿನವರು ಮುಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್, ಅಂದರೆ ರೈಲು ಕಳಿಸಲು ಅನುಮತಿ, ಕೇಳಬೇಕು, ಅವರು ಕೊಡಬೇಕು, ಆಮೇಲೆ ಸ್ಟಾರ್ಟರ್ ಸಿಗ್ನಲ್ ಬೀಳಬೇಕು. ರೈಲು ಕೊನೇ ಬೋಗಿಯ ಸಮೇತ ಪೂರ್ತಿ ಒಳಗೆ ಬಂದದ್ದು ಖಾತ್ರಿಯಾದ ಮೇಲೆಯೇ ಆ ತುಂಡು ಮತ್ತೆ ಖಾಲಿ ಎಂದಾಗುವುದು.

ಆದ್ದರಿಂದ ಪಟ್ಟಿ ಮಾಡುವಾಗ ವೇಳಾಪಟ್ಟಿಯಲ್ಲಿರುವ ಹೆಸರುಗಳನ್ನೆಲ್ಲ ಸುಮ್ಮನೆ ಬರೆದುಕೊಳ್ಳಬೇಡಿ. ಎಷ್ಟೋ ಹೆಸರುಗಳು ಬರೀ ಹಾಲ್ಟ್‌ಗಳು. ಅಲ್ಲಿ ಪ್ಲಾಟ್‌ಫಾರ್ಮ್ ಇರುತ್ತದೆ, ಟಿಕೆಟ್ ಸಿಗುತ್ತದೆ, ಒಂದು ರೈಲನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳುವ ಲೂಪ್ ಲೈನ್ ಇರುವುದಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡಿಕೊಂಡು ಹೋಗಿ: ಸ್ಟೇಷನ್ನಿಗೆ ಮುಂಚೆ ಪಾಯಿಂಟ್ ಬಂದು ಹಳಿ ಎರಡೋ ಮೂರೋ ಆಗಿ ಕವಲೊಡೆದರೆ ಅದು ಕ್ರಾಸಿಂಗ್ ಸ್ಟೇಷನ್. ಕವಲಿಲ್ಲದಿದ್ದರೆ ಹಾಲ್ಟ್. ಹಾಲ್ಟುಗಳನ್ನು ಪಟ್ಟಿಯಿಂದ ಹೊಡೆದುಹಾಕಿ, ಉಳಿದ ಸ್ಟೇಷನ್‌ಗಳ ನಡುವಿನ ದೂರ ಬರೆದುಕೊಳ್ಳಿ.

ಲೂಪ್ ಎಷ್ಟು ಉದ್ದ ಎಂಬುದನ್ನೂ ಗಮನಿಸಿ. ಹೊಸ ಮಾದರಿಯ (ಎಲ್‌ಎಚ್‌ಬಿ) ಇಪ್ಪತ್ನಾಲ್ಕು ಬೋಗಿಗಳ ರೈಲು ಎಂಜಿನ್ ಸೇರಿ ಸುಮಾರು 600 ಮೀಟರ್. ಪೂರ್ತಿ ಗೂಡ್ಸ್ ರೇಕ್ ನಿಲ್ಲಬೇಕೆಂದರೆ 700 ಮೀಟರಿನ ಆಸುಪಾಸು ಬೇಕು. ಗಿಡ್ಡ ಲೂಪ್ ಇರುವ ಸ್ಟೇಷನ್ ಪ್ಯಾಸೆಂಜರಿನ ಪಾಲಿಗೆ ಕ್ರಾಸಿಂಗ್ ಸ್ಟೇಷನ್, ಉದ್ದದ ಗೂಡ್ಸಿನ ಪಾಲಿಗೆ ಇದ್ದೂ ಇಲ್ಲದಂತೆ.

ಅತಿ ನಿಧಾನದ ತುಂಡು ಯಾವುದು

ಇಡೀ ಮಾರ್ಗದ ಶಕ್ತಿಯನ್ನು ತೀರ್ಮಾನಿಸುವುದು ಒಂದೇ ಒಂದು ಬ್ಲಾಕ್ ಸೆಕ್ಷನ್. ಯಾವುದನ್ನು ದಾಟಲು ಹೆಚ್ಚು ಹೊತ್ತು ಬೇಕೋ ಅದು. ಬಹಳ ಸಲ ಅದೇ ಅತಿ ಉದ್ದದ ತುಂಡಾಗಿರುತ್ತದೆ, ಆದರೆ ಯಾವಾಗಲೂ ಅಲ್ಲ. ಚಡಾವು, ತಿರುವು, ಹಳೇ ಸೇತುವೆಯ ಮೇಲಿನ ಕಾಶನ್ (ನಿಧಾನ ಹೋಗಬೇಕೆಂಬ ವೇಗಮಿತಿ) ಎಲ್ಲ ಸೇರಿ ಎಂಟು ಕಿಲೋಮೀಟರಿನ ತುಂಡು ಹನ್ನೆರಡರದ್ದಕ್ಕಿಂತ ಹೆಚ್ಚು ಹೊತ್ತು ತಿನ್ನಬಹುದು.

ಅದನ್ನು ದಾಟಲು ಅತಿ ನಿಧಾನದ ರೈಲಿಗೆ ಎಷ್ಟು ನಿಮಿಷ ಬೇಕು ಎಂದು ನೋಡಿ. ಹೋಗುವಾಗ ಬರುವಾಗ ಬೇರೆ ಬೇರೆ ಬಂದರೆ ಸರಾಸರಿ ತೆಗೆದುಕೊಳ್ಳಿ. ಲೈನ್ ಕ್ಲಿಯರ್, ಪಾಯಿಂಟ್, ಸಿಗ್ನಲ್‌ಗಳ ಕೆಲಸಕ್ಕೆಂದು ಅದಕ್ಕೆ 5 ನಿಮಿಷ ಸೇರಿಸಿ. ದಿನದ 1440 ನಿಮಿಷಗಳನ್ನು ಆ ಮೊತ್ತದಿಂದ ಭಾಗಿಸಿ, ಬಂದದ್ದನ್ನು 0.7ರಿಂದ ಗುಣಿಸಿ. ಎರಡೂ ದಿಕ್ಕಿನ ರೈಲುಗಳನ್ನು ಸೇರಿಸಿ ದಿನಕ್ಕೆ ಎಷ್ಟು ಓಡಿಸಬಹುದು ಎಂಬ ಸಂಖ್ಯೆ ಸಿಗುತ್ತದೆ. ಇದಕ್ಕೆ ಸ್ಕಾಟ್ ಸೂತ್ರ ಎನ್ನುತ್ತಾರೆ. ಭಾರತೀಯ ರೈಲ್ವೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಂಪ್ಯೂಟರಿನಲ್ಲಿ ಇನ್ನೂ ಸೂಕ್ಷ್ಮವಾಗಿ ಮಾಡುವ ವಿಧಾನಗಳಿವೆ, ಆದರೆ ಕಾಗದದ ಮೇಲೆ ಮಾತಾಡಲು ಇಷ್ಟು ಸಾಕು.

0.7 ಯಾಕೆ? ಗಡಿಯಾರ ಹೇಳಿದ ಹಾಗೆ ಎಲ್ಲ ರೈಲೂ ಬರುವುದಿಲ್ಲ. ಒಂದು ಹದಿನೈದು ನಿಮಿಷ ತಡವಾದರೆ ಅದರ ಎದುರಿನದು ಕಾಯುತ್ತದೆ, ಅದರ ಹಿಂದಿನದೂ ಕಾಯುತ್ತದೆ. ಆ ಗೋಜಲು ಬಿಡಿಸಿಕೊಳ್ಳಲೆಂದೇ ನೂರರಲ್ಲಿ ಮೂವತ್ತು ಪಾಲು ಕೈಬಿಟ್ಟಿರಬೇಕು. ಕೆಲವು ಮಾರ್ಗಗಳಲ್ಲಿ ಬಳಕೆ ಶೇ 110, ಶೇ 120 ಎಂದು ಅಂಕಿ ಬರುವುದನ್ನು ಕಂಡು "ನೂರಕ್ಕಿಂತ ಹೆಚ್ಚು ಹೇಗೆ ಸಾಧ್ಯ" ಎಂದು ಕೇಳುತ್ತಾರೆ. ಆ ಮೂವತ್ತು ಪಾಲಿಗೆ ಕೈಹಾಕಿದ್ದಾರೆ ಎಂದು ಅದರ ಅರ್ಥ. ರೈಲು ಓಡುತ್ತದೆ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಶಿರಾಡಿ ಘಾಟಿಯನ್ನೇ ತೆಗೆದುಕೊಳ್ಳೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಇಳಿಜಾರು, ಮಿತಿ ಗಂಟೆಗೆ 30 ಕಿಲೋಮೀಟರ್. ನಡುವೆ ದೋಣಿಗಲ್, ಕಡಗರವಳ್ಳಿ, ಯಡಕುಮಾರಿ, ಶಿರಿಬಾಗಿಲು. ಈ 55 ಕಿಲೋಮೀಟರ್ ಐದು ಸಮನಾದ ತುಂಡಾಗಿದೆ ಎಂದಿಟ್ಟುಕೊಳ್ಳಿ. ತುಂಡಿಗೆ 11 ಕಿಲೋಮೀಟರ್, ದಾಟಲು 22 ನಿಮಿಷ, 5 ಸೇರಿಸಿದರೆ 27. 1440ನ್ನು 27ರಿಂದ ಭಾಗಿಸಿ 0.7ರಿಂದ ಗುಣಿಸಿದರೆ 37. ಈಗ ಅದೇ 55ರಲ್ಲಿ ಒಂದು ತುಂಡು 14 ಕಿಲೋಮೀಟರ್, ಉಳಿದವು ಗಿಡ್ಡ ಎಂದುಕೊಳ್ಳಿ. 28ಕ್ಕೆ 5 ಸೇರಿ 33 ನಿಮಿಷ; ಲೆಕ್ಕ 30ಕ್ಕೆ ಇಳಿಯಿತು. ಒಟ್ಟು ಹಳಿ ಅಷ್ಟೇ, ಸ್ಟೇಷನ್ ಅಷ್ಟೇ, ವೇಗ ಅಷ್ಟೇ. ಸ್ಟೇಷನ್ ಇರುವ ಜಾಗ ತುಸು ಆಚೀಚೆ ಆದದ್ದಕ್ಕೆ ದಿನಕ್ಕೆ ಏಳು ರೈಲು ಹೋದವು. "ಕ್ರಾಸಿಂಗ್ ಸ್ಟೇಷನ್ ಕೊಡಿ" ಎಂದು ಕೇಳುವವರು ಎಲ್ಲಿ ಎಂಬುದನ್ನೂ ಹೇಳಬೇಕು. ಗಿಡ್ಡ ತುಂಡಿನ ನಡುವೆ ಇನ್ನೊಂದು ಸ್ಟೇಷನ್ ಕಟ್ಟಿಸಿಕೊಂಡರೆ ಊರಿಗೆ ಸಂತೋಷ, ಮಾರ್ಗಕ್ಕೆ ಲಾಭ ಸೊನ್ನೆ.

ಇದರಿಂದ ಇನ್ನೂ ಕಳೆಯುವುದಿದೆ. ಹಳಿ ರಿಪೇರಿಗೆ ದಿನಕ್ಕೆ ಮೂರು ಗಂಟೆ ಬ್ಲಾಕ್ ಕೊಟ್ಟರೆ, ಅಂದರೆ ರೈಲು ಬಿಡದೆ ಹಳಿ ಮುಚ್ಚಿದರೆ, 1440ರ ಜಾಗದಲ್ಲಿ 1260 ಹಾಕಿ. 37 ಇದ್ದದ್ದು 32 ಆಗುತ್ತದೆ. ಘಾಟಿ ಹತ್ತುವ ಗೂಡ್ಸಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು. ತಳ್ಳಿಕೊಂಡು ಮೇಲೆ ಬಂದದ್ದು ಕೆಳಗಿಳಿಯಲೇಬೇಕಲ್ಲ? ಅದು ಒಂಟಿಯಾಗಿ ಇಳಿದರೆ ಅದಕ್ಕೂ ಒಂದು ಪೂರ್ತಿ ಪಾತ್, ಅಂದರೆ ಹಳಿಯ ಮೇಲೆ ಒಂದು ರೈಲು ಓಡುವಷ್ಟು ಹೊತ್ತಿನ ಜಾಗ, ಬೇಕು. ಯಾರೂ ಟಿಕೆಟ್ ಕೊಳ್ಳದ, ಯಾವ ವೇಳಾಪಟ್ಟಿಯಲ್ಲೂ ಇಲ್ಲದ ರೈಲು ಅದು. "ಹಳಿ ಖಾಲಿ ಇದೆ" ಎನ್ನುವವರ ಕಣ್ಣಿಗೆ ನವ ಮಂಗಳೂರು ಬಂದರಿನ ಗೂಡ್ಸುಗಳೂ ಬೀಳುವುದಿಲ್ಲ, ಇಳಿಯುವ ಬ್ಯಾಂಕರುಗಳೂ ಬೀಳುವುದಿಲ್ಲ.

ಗ್ರಾಫ್ ಹಾಳೆಯಲ್ಲಿ ಎಳೆಯುವುದು

ಸೂತ್ರ ಎಷ್ಟು ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಅದಕ್ಕೆ ಚಾರ್ಟ್ ಎಳೆಯಬೇಕು. ನನಗೆ ಇಷ್ಟದ ಕೆಲಸ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಾಳೆಯನ್ನು ಅಡ್ಡ ಹಿಡಿಯಿರಿ. ಎಡದಿಂದ ಬಲಕ್ಕೆ ಸಮಯ: ಒಂದು ಸೆಂಟಿಮೀಟರಿಗೆ ಹತ್ತು ನಿಮಿಷ. ಒಂದು ಹಾಳೆಗೆ ನಾಲ್ಕು ಗಂಟೆ ಹಿಡಿಸಿದರೆ ಆರು ಹಾಳೆಯಲ್ಲಿ ದಿನ ಮುಗಿಯುತ್ತದೆ. ಮೇಲಿನಿಂದ ಕೆಳಕ್ಕೆ ಸ್ಟೇಷನ್‌ಗಳು. ಅವುಗಳ ನಡುವಿನ ಅಂತರ ನಿಜವಾದ ದೂರಕ್ಕೆ ತಕ್ಕ ಹಾಗೆ ಇರಬೇಕು. ಎಲ್ಲವನ್ನೂ ಸಮ ಅಂತರದಲ್ಲಿ ಬರೆದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಕ್ರಾಸಿಂಗ್ ಸ್ಟೇಷನ್ನಿಗೆ ಒಂದು ಅಡ್ಡಗೆರೆ.

ಈಗ ಒಂದೊಂದೇ ರೈಲನ್ನು ಓರೆಗೆರೆಯಾಗಿ ಎಳೆಯಿರಿ. ಎಕ್ಸ್‌ಪ್ರೆಸ್‌ಗೆ ಕೆಂಪು, ಪ್ಯಾಸೆಂಜರಿಗೆ ನೀಲಿ, ಗೂಡ್ಸಿಗೆ ಹಸಿರು ಇರಲಿ. ವೇಗದ ರೈಲಿನ ಗೆರೆ ಕಡಿದಾಗಿರುತ್ತದೆ, ನಿಧಾನದ್ದು ಮಲಗಿದಂತಿರುತ್ತದೆ. ನಿಂತ ಕಡೆ ಗೆರೆ ಅಡ್ಡಕ್ಕೆ ಸಾಗುತ್ತದೆ. ಹೋಗುವ ಬರುವ ಗೆರೆಗಳು ಕತ್ತರಿಸುವ ಜಾಗವೆಲ್ಲ ಯಾವುದಾದರೊಂದು ಸ್ಟೇಷನ್ನಿನ ಗೆರೆಯ ಮೇಲೇ ಬೀಳಬೇಕು. ಎರಡು ಸ್ಟೇಷನ್‌ಗಳ ನಡುವೆ ಬಿದ್ದರೆ ನಿಮ್ಮ ಚಾರ್ಟಿನಲ್ಲಿ ಎರಡು ರೈಲು ಡಿಕ್ಕಿ ಹೊಡೆದಿವೆ. ಎಲ್ಲೋ ಸಮಯ ತಪ್ಪಾಗಿ ಬರೆದುಕೊಂಡಿದ್ದೀರಿ, ಹಿಂದೆ ಹೋಗಿ ತಿದ್ದಿ.

ಗೂಡ್ಸಿನ ಸಮಯ ಯಾವ ಪಟ್ಟಿಯಲ್ಲೂ ಸಿಗದು. ಅದಕ್ಕೆ ಸ್ಟೇಷನ್ನಿನಲ್ಲೋ ಗೇಟಿನ ಹತ್ತಿರವೋ ಕೂತು ಬರೆದುಕೊಳ್ಳಬೇಕು. ಗೆಳೆಯರು ಸರದಿ ಮಾಡಿಕೊಂಡು ಒಂದು ವಾರ ಹಗಲು ರಾತ್ರಿ ನೋಡಿದರೆ ಚಿತ್ರ ಸಿಕ್ಕಿಬಿಡುತ್ತದೆ. ಹಳಿಯ ಮೇಲೆ, ಹಳಿಯ ಅಂಚಿನಲ್ಲಿ ನಿಲ್ಲಬೇಡಿ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಬೆಂಚಿನಲ್ಲಿ ಕೂತು ಬರೆಯಿರಿ.

ಎಲ್ಲ ಎಳೆದಾದ ಮೇಲೆ ನಿಮಗೆ ಬೇಕಾದ ಹೊಸ ರೈಲಿನ ಗೆರೆಯನ್ನು ತೆಳುವಾಗಿ ಎಳೆಯಲು ಪ್ರಯತ್ನಿಸಿ. ಪ್ರತಿ ಕ್ರಾಸಿಂಗಿಗೆ ಕನಿಷ್ಠ ಐದು ನಿಮಿಷ ಹಿಡಿಯಿರಿ. ಎಲ್ಲ ಸ್ಟೇಷನ್‌ಗಳಲ್ಲೂ ಎರಡು ರೈಲನ್ನು ಒಟ್ಟಿಗೆ ಒಳಗೆ ಬಿಟ್ಟುಕೊಳ್ಳಲು ಬರುವುದಿಲ್ಲ. ಒಂದು ಬಂದು ನಿಂತ ಮೇಲೇ ಇನ್ನೊಂದಕ್ಕೆ ಒಳಗೆ ಬರಲು ಬಿಡುವ ಹೋಮ್ ಸಿಗ್ನಲ್ ಕೊಡಬೇಕಾದ ಸ್ಟೇಷನ್‌ಗಳಿವೆ. ಬೆಳಗ್ಗೆ ಎಂಟಕ್ಕೆ ಜಾಗವಿಲ್ಲದ ಹಳಿಯಲ್ಲಿ ಹತ್ತೂವರೆಗೆ ಜಾಗ ಕಾಣಬಹುದು. "ರೈಲು ಕೊಡಿ" ಎನ್ನುವ ಬದಲು "10.35ಕ್ಕೆ ಹೊರಟರೆ ಇಂಥ ಎರಡು ಸ್ಟೇಷನ್‌ಗಳಲ್ಲಿ ಕ್ರಾಸಿಂಗ್ ಆಗಿ 12.20ಕ್ಕೆ ತಲುಪುತ್ತದೆ" ಎಂದು ಚಾರ್ಟ್ ಸಮೇತ ಕೊಟ್ಟರೆ, ಆಪರೇಟಿಂಗ್ ವಿಭಾಗದವರು ಕಾಗದವನ್ನು ಪಕ್ಕಕ್ಕಿಡಲಾರರು. ಚಾರ್ಟ್ ಎಳೆದು ಎಳೆದು ಕೈ ಪಳಗಿದವರಿಗೆ ಇನ್ನೊಬ್ಬರ ಚಾರ್ಟ್ ಕಂಡರೆ ಪೆನ್ಸಿಲ್ ಹಿಡಿಯದೆ ಇರಲಾಗುವುದಿಲ್ಲ. ನನ್ನ ಅನುಭವದ ಮಾತಿದು.

ಕೊನೆಯ ಸ್ಟೇಷನ್ನಿನಲ್ಲಿ ನಿಲ್ಲಲು ಪ್ಲಾಟ್‌ಫಾರ್ಮ್, ತೊಳೆದು ತಪಾಸಣೆ ಮಾಡಲು ಪಿಟ್ ಲೈನ್ ಬಿಡುವಿದೆಯೇ ಎಂದೂ ನೋಡಿಕೊಳ್ಳಿ. ಬೆಂಗಳೂರಿಗೆ ಹೋಗುವ ರೈಲಿನ ಕೋರಿಕೆಗಳು ಹಳಿಗಿಂತ ಮುಂಚೆ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಜೋಡಿ ಹಳಿ ಬಂದರೆ ಎಲ್ಲ ಮುಗಿಯಿತೇ

ಇಲ್ಲ. ಬೆಂಗಳೂರು–ಮೈಸೂರು 139 ಕಿಲೋಮೀಟರ್ ಜೋಡಿ ಹಳಿಯಾಗಿದೆ. ಅದಕ್ಕಾಗಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆಯನ್ನು 2017ರಲ್ಲಿ ಕಟ್ಟಡಕ್ಕೆ ಕಟ್ಟಡವೇ ಪಕ್ಕಕ್ಕೆ ಸರಿಸಿದ್ದು ನಿಮಗೆ ನೆನಪಿರಬಹುದು. ಜೋಡಿ ಹಳಿಯಲ್ಲಿ ಎದುರಿನ ರೈಲಿನ ಕಾಟ ತಪ್ಪುತ್ತದೆ, ಹಿಂದಿನ ರೈಲಿನದು ಶುರುವಾಗುತ್ತದೆ. ಸರಾಸರಿ 70 ಕಿಲೋಮೀಟರಿನಲ್ಲಿ ಓಡುವ ರೈಲಿಗೆ ಈ ದೂರಕ್ಕೆ ಎರಡು ಗಂಟೆ, 46ರಲ್ಲಿ ನಿಂತು ನಿಂತು ಹೋಗುವುದಕ್ಕೆ ಮೂರು ಗಂಟೆ. ನಿಧಾನದ್ದು ಮುಂದೆ ಹೋದರೆ, ವೇಗದ್ದು ಅದರ ಬೆನ್ನಿಗೆ ಸಿಕ್ಕಿಕೊಳ್ಳಬಾರದೆಂದರೆ ಒಂದು ಗಂಟೆಗೂ ಹೆಚ್ಚು ತಡವಾಗಿ ಹೊರಡಬೇಕು. ಇಲ್ಲವೇ ನಿಧಾನದ್ದನ್ನು ನಡುವೆ ಲೂಪಿಗೆ ಹಾಕಿ ಕಾಯಿಸಬೇಕು. ಎಲ್ಲ ರೈಲೂ ಒಂದೇ ವೇಗದಲ್ಲಿ ಓಡಿದರೆ ಅದೇ ಹಳಿ ಎಷ್ಟೋ ಹೆಚ್ಚು ರೈಲು ಹಿಡಿಸುತ್ತದೆ. ಪ್ರತಿ ಹೊಸ ವೇಗದ ರೈಲು ಬಂದಾಗ ಲೂಪಿನಲ್ಲಿ ಕಾಯುವುದು ದಿನಾ ಕೆಲಸಕ್ಕೆ ಹೋಗುವವರ ಗಾಡಿ. ಇದು ನ್ಯಾಯವಲ್ಲ ಎಂದು ನಾನು ಕಂಟ್ರೋಲಿನಲ್ಲಿ ಕೂತಾಗಲೂ ಅಂದುಕೊಳ್ಳುತ್ತಿದ್ದೆ. ಮನವಿ ಬರೆಯುವಾಗ ಎಷ್ಟು ನಿಮಿಷ ಕಾಯಿಸುತ್ತಾರೆ ಎಂದು ಚಾರ್ಟಿನಿಂದ ತೆಗೆದು ಬರೆಯಿರಿ.

ಎರಡನೇ ದಾರಿಯನ್ನು ತೂಗುವುದು

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ವಿಷಯ. ಮುಖ್ಯ ಮಾರ್ಗ ಮುಚ್ಚಿದ ದಿನ ಎಷ್ಟು ರೈಲನ್ನು ಬೇರೆ ದಾರಿಯಲ್ಲಿ ಕಳಿಸಲು ಸಾಧ್ಯವೋ ಅದೇ ಎರಡನೇ ದಾರಿಯ ಬೆಲೆ. ಉಳಿದ ದಿನಗಳಲ್ಲಿ ಅದು ನಾಲ್ಕು ಪ್ಯಾಸೆಂಜರು ಓಡುವ, ನಷ್ಟದ ಮಾರ್ಗವಾಗಿ ಕಾಣುತ್ತದೆ. ನಷ್ಟದ ಲೆಕ್ಕ ಬರೆಯುವ ಪುಸ್ತಕದಲ್ಲಿ ಆ ಒಂದು ದಿನಕ್ಕೆ ಕಾಲಂ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಹೀಗಾಯಿತು. ಎಕ್ಸೆಟರ್‌ನಿಂದ ಪ್ಲಿಮತ್‌ಗೆ ಎರಡು ದಾರಿ ಇದ್ದವು: ಒಂದು ಸಮುದ್ರದ ಅಂಚಿನಲ್ಲಿ ಡಾಲಿಷ್ ಮೂಲಕ, ಇನ್ನೊಂದು ಒಳನಾಡಿನಲ್ಲಿ ಓಕ್‌ಹ್ಯಾಂಪ್ಟನ್ ಮೂಲಕ. 1968ರಲ್ಲಿ ಓಕ್‌ಹ್ಯಾಂಪ್ಟನ್ನಿನಿಂದಾಚೆಯ ಒಳನಾಡಿನ ತುಂಡನ್ನು ಮುಚ್ಚಿದರು. 2014ರ ಫೆಬ್ರವರಿಯ ಬಿರುಗಾಳಿಗೆ ಡಾಲಿಷ್‌ನಲ್ಲಿ ಸಮುದ್ರದ ಗೋಡೆ ಕುಸಿದು ಹಳಿ ಗಾಳಿಯಲ್ಲಿ ನೇತಾಡಿತು. ಏಪ್ರಿಲ್ ಆರಂಭದವರೆಗೆ ಕಾರ್ನ್‌ವಾಲ್ ಮತ್ತು ಪ್ಲಿಮತ್ ದೇಶದ ಉಳಿದ ರೈಲು ಜಾಲದಿಂದ ಕಡಿದುಹೋಗಿದ್ದವು. 2021ರಲ್ಲಿ ಎಕ್ಸೆಟರ್‌ನಿಂದ ಓಕ್‌ಹ್ಯಾಂಪ್ಟನ್ ತನಕ ನಿತ್ಯದ ಪ್ರಯಾಣಿಕ ರೈಲು ಮತ್ತೆ ಶುರುವಾಯಿತು. ಅಲ್ಲಿಂದ ಮುಂದೆ ಪ್ಲಿಮತ್ ಕಡೆಗೆ ಕಡಿದುಹೋದದ್ದು ಕಡಿದುಹೋದ ಹಾಗೇ ಇದೆ.

ನಮ್ಮ ಕಡೆ ಒಳನಾಡಿನಿಂದ ಕರಾವಳಿಗೆ ಇಳಿಯಲು ರೈಲಿಗೆ ಇರುವುದು ಎರಡೇ ಬಾಗಿಲು: ಶಿರಾಡಿ, ಮತ್ತು ಕ್ಯಾಸಲ್‌ರಾಕ್–ಕುಳೆಂ ಘಾಟಿ. ಮೂರನೆಯದು ಬೇಕೆಂದರೆ ಸೇಲಂ, ಪಾಲಕ್ಕಾಡ್, ಶೊರನೂರು ಸುತ್ತಿಕೊಂಡು ಹೋಗಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಅದು ಎರಡು ಪಟ್ಟಿಗೂ ಹೆಚ್ಚು ದೂರ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವನ್ನು ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿದಾಗ ಒಂದು ಬಾಗಿಲು ಹಾಕಿತು. ಪ್ರಯಾಣಿಕರ ರೈಲು ಮತ್ತೆ ಇಳಿದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷದಲ್ಲಿ ಒಂದು ತಲೆಮಾರು ರಾತ್ರಿ ಬಸ್ಸಿಗೆ ಒಗ್ಗಿಹೋಯಿತು.

2021ರ ಜುಲೈನಲ್ಲಿ ಚಿಪ್ಳೂಣದ ಬಳಿ ಪ್ರವಾಹ ಬಂದು ಕೊಂಕಣ ಮಾರ್ಗ ನಿಂತಾಗ ಮಂಗಳೂರು–ಮುಂಬೈ ರೈಲನ್ನು ಮಡಗಾಂವ್, ಲೋಂಡಾ, ಮೀರಜ್ ದಾರಿಯಲ್ಲಿ ತಿರುಗಿಸಿದರು. ಕ್ಯಾಸಲ್‌ರಾಕ್–ಕುಳೆಂ ಘಾಟಿಯಲ್ಲಿ ದೂಧಸಾಗರ ಮತ್ತು ಸೋನಾಳಿ ನಡುವೆ ಗುಡ್ಡ ಕುಸಿದು ಅದೇ ರೈಲು ಅಲ್ಲಿ ಹಳಿ ತಪ್ಪಿತು. 2024ರ ಜುಲೈ ಕೊನೆಯಲ್ಲಿ ಯಡಕುಮಾರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಶಿರಾಡಿ ಎರಡು ವಾರದ ಮಟ್ಟಿಗೆ ಮುಚ್ಚಿತು. ಅದು ತೆರೆಯುವ ಹೊತ್ತಿಗೆ ಆಗಸ್ಟಿನಲ್ಲಿ ದೂಧಸಾಗರದ ಬಳಿ ಗೂಡ್ಸ್ ಹಳಿ ತಪ್ಪಿ ಆ ಘಾಟಿಯೂ ನಿಂತಿತು. ಒಂದೇ ಮಳೆ ಎರಡೂ ಬಾಗಿಲುಗಳ ಮೇಲೆ ಸುರಿಯುತ್ತದೆ. ಆದ್ದರಿಂದ ಎರಡನೇ ದಾರಿಯನ್ನು ತೂಗುವಾಗ ಮೊದಲು ಕೇಳಬೇಕಾದದ್ದು: ಮೊದಲನೆಯದನ್ನು ಮುಚ್ಚಿಸುವ ಕಾರಣವೇ ಇದನ್ನೂ ಮುಚ್ಚಿಸುತ್ತದೆಯೇ?

ಆಮೇಲೆ ಲೆಕ್ಕ. ಎರಡನೇ ದಾರಿಯ ಶಕ್ತಿಯನ್ನು ಮೇಲೆ ಹೇಳಿದ ಸೂತ್ರದಲ್ಲೇ ತೆಗೆಯಿರಿ, ಅದರಲ್ಲಿ ಈಗಾಗಲೇ ಓಡುವ ರೈಲುಗಳನ್ನು ಕಳೆಯಿರಿ. ಉಳಿದದ್ದು ಬಿಡುವಿರುವ ಪಾತ್. ಆದರೆ ಅಷ್ಟೂ ಕೈಗೆ ಬರುವುದಿಲ್ಲ. ತಿರುಗಿಸಬೇಕಾದ ರೈಲು ಅಲ್ಲಿನ ಲೂಪಿನಲ್ಲಿ ಹಿಡಿಯುತ್ತದೆಯೇ? ಹಳಿ, ಸೇತುವೆ ತುಂಬಿದ ವ್ಯಾಗನ್ನಿನ ಭಾರ ತಾಳುತ್ತವೆಯೇ? ಮೇಲೆ ವಿದ್ಯುತ್ ತಂತಿ ಇದೆಯೇ, ಇಲ್ಲದಿದ್ದರೆ ಡೀಸೆಲ್ ಎಂಜಿನ್ ಎಲ್ಲಿಂದ ಬರುತ್ತದೆ? ಜಂಕ್ಷನ್ನಿನಲ್ಲಿ ಎಂಜಿನ್ ಬಿಚ್ಚಿ ಈ ತುದಿಯಿಂದ ಆ ತುದಿಗೆ ಹಾಕಬೇಕಾಗುತ್ತದೆಯೇ? ಹಾಗಿದ್ದರೆ ಪ್ರತಿ ರೈಲಿಗೆ ಅರ್ಧ ಗಂಟೆ ಪ್ಲಾಟ್‌ಫಾರ್ಮ್ ಹೋಯಿತು. ಹೊರಗಿನವರಿಗೆ ಹೊಳೆಯದ ಇನ್ನೊಂದು ಸಂಗತಿ: ಲೋಕೋ ಪೈಲಟ್‌ಗೆ ಆ ದಾರಿ ಗೊತ್ತಿರಬೇಕು. ಎಲ್ಲಿ ತಿರುವು, ಎಲ್ಲಿ ಸಿಗ್ನಲ್ ಮರೆಯಲ್ಲಿದೆ, ಎಲ್ಲಿ ಇಳಿಜಾರು ಶುರು ಎಂದು ಆ ಮಾರ್ಗದಲ್ಲಿ ಹಗಲೂ ರಾತ್ರಿಯೂ ಓಡಾಡಿ ಕಲಿತು ಸಹಿ ಹಾಕಿದವರಿಗೆ ಮಾತ್ರ ಅಲ್ಲಿ ರೈಲು ಓಡಿಸುವ ಅಧಿಕಾರ. ದಿನಾ ಒಂದೆರಡು ದೂರದ ರೈಲಾದರೂ ಆ ದಾರಿಯಲ್ಲಿ ಓಡುತ್ತಿದ್ದರೆ ದಾರಿ ಬಲ್ಲ ಸಿಬ್ಬಂದಿ ಸಿಗುತ್ತಾರೆ. ಇಲ್ಲದಿದ್ದರೆ ಹಳಿ ಇದ್ದೂ ಓಡಿಸುವವರಿಲ್ಲ. ಎರಡನೇ ದಾರಿಯಲ್ಲಿ ರೈಲು ಕೇಳಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಗೊತ್ತಿಲ್ಲ.

ಎರಡನೇ ದಾರಿ ಇಕ್ಕಟ್ಟನ್ನು ದಾಟಿ ಹೋಗುತ್ತದೆಯೇ ಅಥವಾ ಇಕ್ಕಟ್ಟಿನ ಬಾಯಿಗೇ ಬಂದು ನಿಲ್ಲುತ್ತದೆಯೇ ಎಂದೂ ನೋಡಿ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರು–ಹಾಸನ ಹೊಸ ಮಾರ್ಗ ತೆರೆದಾಗ ನಮಗೆಲ್ಲ ತುಂಬ ಸಂತೋಷವಾಯಿತು. ಅರಸೀಕೆರೆ ಸುತ್ತುವುದು ತಪ್ಪಿತು. ಆದರೆ ಅರಸೀಕೆರೆಯಿಂದ, ಮೈಸೂರಿನಿಂದ, ಬೆಂಗಳೂರಿನಿಂದ ಬರುವ ಮೂರು ದಾರಿಗಳೂ ಹಾಸನದಲ್ಲಿ ಕೂಡಿ ಅದೇ ಒಂಟಿ ಹಳಿಯ ಘಾಟಿಗೆ ಇಳಿಯುತ್ತವೆ. ಹಾಸನದ ತನಕ ದಾರಿ ಹೆಚ್ಚಿತು, ಮಂಗಳೂರಿಗೆ ಹೆಚ್ಚಲಿಲ್ಲ.

ಘಾಟಿಯಲ್ಲಿ ಜೋಡಿ ಹಳಿ, ಹೊಸ ಮಾರ್ಗ ಎಂದು ಕೇಳುವಾಗ ಕಾಡಿನ ಮಾತನ್ನು ಪಕ್ಕಕ್ಕೆ ತಳ್ಳಬೇಡಿ. ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಿಂದ ಕಾಡಿನ ಪ್ರಶ್ನೆಯಲ್ಲೇ ನಿಂತಿದೆ. ಆ ಕಾಡು ನಮ್ಮ ನದಿಗಳ ಹುಟ್ಟು, ಅದನ್ನು ಉಳಿಸಬೇಕೆನ್ನುವವರ ಮಾತು ನನಗೆ ಸರಿಯೆನಿಸುತ್ತದೆ. ಹೊಸ ಹಳಿ ಹಾಕುವುದು ಇಷ್ಟು ಕಷ್ಟವಾಗಿರುವಾಗ, ಇರುವ ಸಣ್ಣ ಮಾರ್ಗಗಳನ್ನು ಕಳೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಮಾರ್ಗ ಸದ್ದಿಲ್ಲದೆ ಕಳೆದುಹೋಗುವ ಬಗೆ

ತರೀಕೆರೆ–ನರಸಿಂಹರಾಜಪುರದ ಪುಟ್ಟ ರೈಲಿನ ಹಾಗೆ ಹಳಿಯನ್ನೇ ಕಿತ್ತರೆ ಎಲ್ಲರಿಗೂ ಗೊತ್ತಾಗುತ್ತದೆ. ಇಂದು ಅದು ಮತ್ತೆ ಬೇಕೆಂದರೆ ಸೊನ್ನೆಯಿಂದ ಶುರು ಮಾಡಬೇಕು. ಶಿವಮೊಗ್ಗ–ತಾಳಗುಪ್ಪದಲ್ಲಿ, ಬಂಗಾರಪೇಟೆ–ಕೋಲಾರದಲ್ಲಿ ರೈಲಿನ ಬದಲು ರೈಲುಬಸ್ಸು ಓಡಿಸಿದ ಕಾಲವಿತ್ತು. ಜನ ಅದನ್ನೂ ಕೈಬಿಡದೆ ಹತ್ತುತ್ತಿದ್ದರು. ಎರಡೂ ಮಾರ್ಗ ಬ್ರಾಡ್ ಗೇಜ್ ಆಗಿ ಉಳಿದವು. ಯಲಹಂಕ–ಚಿಕ್ಕಬಳ್ಳಾಪುರ ನ್ಯಾರೋ ಗೇಜನ್ನು ಹಿಂದೆ ಯಾರಾದರೂ ದಂಡವೆಂದು ಕಿತ್ತುಹಾಕಿದ್ದರೆ ಇಂದು ದೇವನಹಳ್ಳಿ ವಿಮಾನ ನಿಲ್ದಾಣದ ಪಕ್ಕ ಹಾಲ್ಟ್ ಮಾಡಲು ಹಳಿಯೇ ಇರುತ್ತಿರಲಿಲ್ಲ. 2013ರಲ್ಲಿ ಚಿಕ್ಕಬಳ್ಳಾಪುರ–ಕೋಲಾರ ತುಂಡೂ ಬ್ರಾಡ್ ಗೇಜ್ ಆದ ಮೇಲೆ, ಬೆಂಗಳೂರು–ಬಂಗಾರಪೇಟೆ ಮುಖ್ಯ ಮಾರ್ಗಕ್ಕೆ ಒಂದು ಸುತ್ತುದಾರಿ ಸಿಕ್ಕಿದೆ. ಅದರ ಶಕ್ತಿಯ ಲೆಕ್ಕ ತೆಗೆಯುವುದನ್ನು ಆ ಭಾಗದ ಓದುಗರಿಗೆ ಅಭ್ಯಾಸಕ್ಕೆಂದು ಬಿಡುತ್ತೇನೆ.

ಸದ್ದಿಲ್ಲದೆ ಆಗುವುದು 'ಸ್ಟೇಷನ್ ದರ್ಜೆ ಇಳಿಸುವುದು'. ಎರಡು ಸ್ಟೇಷನ್‌ಗಳ ನಡುವಿನ ಸಣ್ಣ ಕ್ರಾಸಿಂಗ್ ಸ್ಟೇಷನ್ನಿನಲ್ಲಿ ಸಿಬ್ಬಂದಿ ಖರ್ಚು ಹೆಚ್ಚು ಎಂದು ಲೂಪ್ ತೆಗೆದು ಹಾಲ್ಟ್ ಮಾಡುತ್ತಾರೆ. ರೈಲು ನಿಲ್ಲುತ್ತದೆ, ಟಿಕೆಟ್ ಸಿಗುತ್ತದೆ, ಊರಿನವರು ಸುಮ್ಮನಿರುತ್ತಾರೆ. ಲೆಕ್ಕ ಹಾಕಿ: ಒಂದು ಕಡೆ 8, ಇನ್ನೊಂದು ಕಡೆ 9 ಕಿಲೋಮೀಟರಿನ ತುಂಡು, ಗೂಡ್ಸಿನ ವೇಗ 40. ಒಂಬತ್ತರ ತುಂಡಿಗೆ ಹದಿಮೂರೂವರೆ ನಿಮಿಷ, 5 ಸೇರಿ ಹದಿನೆಂಟೂವರೆ. ದಿನಕ್ಕೆ 54 ರೈಲು. ಸ್ಟೇಷನ್ ಹಾಲ್ಟ್ ಆದ ಮರುದಿನ ತುಂಡು 17 ಕಿಲೋಮೀಟರ್, ಮೂವತ್ತೂವರೆ ನಿಮಿಷ, ದಿನಕ್ಕೆ 33. ಒಂದು ಮೀಟರ್ ಹಳಿಯೂ ಕಡಿಮೆಯಾಗದೆ ಇಪ್ಪತ್ತೊಂದು ರೈಲಿನ ಜಾಗ ಹೋಯಿತು. ಕೆಲ ವರ್ಷದ ಮೇಲೆ ಹೊಸ ರೈಲು ಕೇಳಿದಾಗ "ಕೆಪಾಸಿಟಿ ಇಲ್ಲ" ಎಂಬ ಉತ್ತರ ಬರುತ್ತದೆ. ಉತ್ತರ ನಿಜವೇ. ಅದಕ್ಕೇ ನಿಮ್ಮ ಮಾರ್ಗದಲ್ಲಿ ಲೂಪ್ ತೆಗೆಯುವ ಸುದ್ದಿ ಬಂದ ದಿನವೇ ಈ ಎರಡು ಅಂಕಿಗಳನ್ನು ಬರೆದು ಆಕ್ಷೇಪ ಕೊಡಿ. ತೆಗೆಯಲೇಬೇಕೆಂದರೆ ಲೂಪ್ ಇದ್ದ ಜಾಗವನ್ನಾದರೂ ಗೋಡೌನಿಗೋ ಅಂಗಡಿ ಮಳಿಗೆಗೋ ಗುತ್ತಿಗೆ ಕೊಡದೆ ಉಳಿಸಿಕೊಳ್ಳಲಿ ಎಂದು ಕೇಳಿ.

ಅರ್ಜಿ ಹಾಕುವುದು

ನಿಮ್ಮ ಲೆಕ್ಕವನ್ನು ರೈಲ್ವೆಯ ಲೆಕ್ಕದೊಂದಿಗೆ ಹೋಲಿಸಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. "ರೈಲು ಯಾಕೆ ಬಿಡುತ್ತಿಲ್ಲ" ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಮಾಹಿತಿ ಹಕ್ಕಿನಲ್ಲಿ ಉತ್ತರ ಸಿಗುವುದಿಲ್ಲ. ದಾಖಲೆ ಕೇಳಿ: ಇಂಥ ಮಾರ್ಗದ ಲೈನ್ ಕೆಪಾಸಿಟಿ ನಿರ್ವಹಣಾ ಬ್ಲಾಕ್ ಸಹಿತ ಎಷ್ಟು, ರಹಿತ ಎಷ್ಟು, ಬಳಕೆ ಶೇಕಡಾ ಎಷ್ಟು, ಅತಿ ನಿಧಾನದ ಬ್ಲಾಕ್ ಸೆಕ್ಷನ್ ಯಾವುದು, ಪ್ರತಿ ಸ್ಟೇಷನ್ನಿನ ಲೂಪ್ ಉದ್ದ, ಕಳೆದ ಇಪ್ಪತ್ತು ವರ್ಷದಲ್ಲಿ ಹಾಲ್ಟ್ ಆಗಿ ಇಳಿಸಿದ ಸ್ಟೇಷನ್‌ಗಳ ಪಟ್ಟಿ.

ಯಾರಿಗೆ ಹಾಕಬೇಕೆಂಬುದು ಕರಾವಳಿಯವರಿಗೆ ಸ್ವಲ್ಪ ತೊಡಕು. ಘಾಟಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು, ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆಯದ್ದು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರೈಲಿನ ಚಾರ್ಟ್ ಪೂರ್ತಿಯಾಗಬೇಕೆಂದರೆ ಬೆಂಗಳೂರು ವಿಭಾಗವನ್ನು ಬಿಟ್ಟೇ ಮೂರು ಕಡೆಗೆ ಅರ್ಜಿ ಹೋಗಬೇಕು. ಒಂದು ಕಡೆಯ ಉತ್ತರ ಹಿಡಿದುಕೊಂಡು ಮನವಿ ಬರೆದರೆ "ನಮ್ಮಲ್ಲಿ ಜಾಗವಿದೆ, ಅವರಲ್ಲಿಲ್ಲ" ಎಂಬ ಮಾತಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಉತ್ತರ ಬಂದ ಮೇಲೆ ಮನವಿ ಒಂದೇ ಪುಟದಲ್ಲಿರಲಿ, ಚಾರ್ಟ್ ಲಗತ್ತಾಗಿರಲಿ. ವಿಭಾಗದ ಬಳಕೆದಾರರ ಸಲಹಾ ಸಮಿತಿಯಲ್ಲಿರುವ ನಿಮ್ಮ ಭಾಗದ ಸದಸ್ಯರಿಗೆ ಒಂದು ಪ್ರತಿ, ಸಂಸದರಿಗೆ ಒಂದು ಪ್ರತಿ, ವಿಭಾಗದ ಹಿರಿಯ ಆಪರೇಟಿಂಗ್ ಅಧಿಕಾರಿಗೆ ಒಂದು ಪ್ರತಿ. ಹೊಸ ವೇಳಾಪಟ್ಟಿ ಜಾರಿಗೆ ಬರುವ ಕೆಲವು ತಿಂಗಳ ಮುಂಚೆಯೇ ಕೊಡಿ; ಪಟ್ಟಿ ಅಚ್ಚಾದ ಮೇಲೆ ಕೊಟ್ಟ ಚಾರ್ಟನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಹೊಸ ಪಟ್ಟಿ ಬಂದ ಕೂಡಲೇ ನಿಮ್ಮ ಆರು ಹಾಳೆಗಳನ್ನು ಹೊಸದಾಗಿ ಎಳೆಯಿರಿ, ಹಳೆಯವನ್ನು ತಾರೀಖು ಬರೆದು ಎತ್ತಿಡಿ. ಹತ್ತು ವರ್ಷದ ಚಾರ್ಟುಗಳು ನಿಮ್ಮ ಕೈಲಿದ್ದರೆ ಯಾವ ಸ್ಟೇಷನ್ನಿನ ಲೂಪ್ ಯಾವಾಗ ಹೋಯಿತು, ಅದರ ನಂತರ ನಿಮ್ಮ ಪ್ಯಾಸೆಂಜರು ಎಷ್ಟು ನಿಮಿಷ ಹೆಚ್ಚು ಕಾಯತೊಡಗಿತು ಎಂದು ಬೆರಳಿಟ್ಟು ತೋರಿಸಬಹುದು.